ಪಾತ್ರಿಯ ಮುಂದೆ ಆಡಿದ ಮಾತು, ಮನೋವೈದ್ಯರ ಮುಂದೆ ಆಡದ ಮಾತು

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ಜನ ಮನಸ್ಸಿನ ತೊಂದರೆಗೆ ನೆರವು ಕೇಳಲು ಹಿಂಜರಿಯುತ್ತಾರೆ ಎಂಬ ಮಾತು ಅರ್ಧ ಮಾತ್ರ ನಿಜ. ಮನೆಯಲ್ಲೊಬ್ಬರು ನಿದ್ದೆಗೆಟ್ಟು ಮಾತು ಬಿಟ್ಟರೆ, ಕಾರಣವಿಲ್ಲದೆ ಬೆದರತೊಡಗಿದರೆ, ಇಲ್ಲಿನ ಕುಟುಂಬಗಳು ಸುಮ್ಮನಿರುವುದಿಲ್ಲ. ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸುತ್ತವೆ, ದೈವದ ಮುಂದೆ ಅರಿಕೆ ಮಾಡಿಕೊಳ್ಳುತ್ತವೆ, ದರ್ಗಾಕ್ಕೆ ಹರಕೆ ಹೊರುತ್ತವೆ, ಇಗರ್ಜಿಯಲ್ಲಿ ಪ್ರಾರ್ಥನೆ ಮಾಡಿಸುತ್ತವೆ, ಜೊತೆಗೆ ಪೇಟೆಯ ಡಾಕ್ಟರರಿಂದ ಗ್ಯಾಸ್ಟ್ರಿಕ್ ಮಾತ್ರೆಯನ್ನೂ ತರುತ್ತವೆ. ಇಷ್ಟೆಲ್ಲ ಓಡಾಡುವವರು ಮನೋವೈದ್ಯರ ಹೆಸರು ಬಂದೊಡನೆ ಮಾತ್ರ ತಡೆದು ನಿಲ್ಲುವುದೇಕೆ ಎಂಬುದೇ ವಿಚಾರಿಸಬೇಕಾದ ಸಂಗತಿ.

ಈ ವಿಚಾರಣೆಗೆ ಕರಾವಳಿಯಲ್ಲಿಯೇ ಗಟ್ಟಿಯಾದ ಆಧಾರವಿದೆ. ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಎಂಬ ಮನೋವೈದ್ಯರು, ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದು ಈಗ ಉಡುಪಿ ಜಿಲ್ಲೆಯಲ್ಲಿರುವ ಕೋಟದಲ್ಲಿ ಬ್ರಾಹ್ಮಣ, ಬಂಟ ಮತ್ತು ಮೊಗವೀರ ಸಮುದಾಯಗಳ ನಡುವೆ ಅಧ್ಯಯನ ನಡೆಸಿ, ಅದರ ಫಲವನ್ನು 1976ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ನಾಟಿ ವೈದ್ಯ, ಮಂತ್ರವಾದಿ, ಮೈಮೇಲೆ ದರ್ಶನ ಬಂದು ನುಡಿ ಕೊಡುವ ಪಾತ್ರಿ ಮತ್ತು ಆಧುನಿಕ ಡಾಕ್ಟರು, ಇವರೆಲ್ಲರ ಬಳಿಗೂ ಅಲ್ಲಿನ ಜನ ಹೋಗುತ್ತಿದ್ದರು. ಒಂದೇ ಕಾಯಿಲೆಗೆ ಇಬ್ಬರನ್ನು ಕಾಣುವುದರಲ್ಲಿ ಅವರಿಗೆ ವಿರೋಧವೇನೂ ತೋರುತ್ತಿರಲಿಲ್ಲ. ಮೂಢನಂಬಿಕೆಯೇ ಚಿಕಿತ್ಸೆಗೆ ಅಡ್ಡಿ ಎಂದು ತೀರ್ಪು ಕೊಟ್ಟು ಮುಗಿಸುವವರು ಈ ಅಧ್ಯಯನವನ್ನು ಗಮನಿಸಬೇಕು.

ಬೆಳ್ತಂಗಡಿ ತಾಲ್ಲೂಕಿನ ಇನ್ನೊಂದು ಉದಾಹರಣೆ ಮತ್ತಷ್ಟು ಆಳವಾದುದು. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಸಂಧಿಯನ್ನು, ಅಂದರೆ ಸಿರಿ ಎಂಬ ಹೆಣ್ಣಿನ ಕಥೆ ಹೇಳುವ ತುಳು ಹಾಡನ್ನು, ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಜೊತೆಗೂಡಿ 1990ರಲ್ಲಿ ದಾಖಲಿಸಿ, 1998ರಲ್ಲಿ 15,683 ಸಾಲುಗಳ ಮಹಾಕಾವ್ಯವಾಗಿ ಪ್ರಕಟಿಸಿದರು. ಈ ಕಾವ್ಯದ ಜೀವ ಇರುವುದು ಸಿರಿ ಜಾತ್ರೆಯ ಆಚರಣೆಯಲ್ಲಿ: ಮನೆಯೊಳಗೆ ಬಾಯಿ ಬಿಡಲಾರದೆ ನರಳುವ ಹೆಣ್ಣು ಅಲ್ಲಿ ಸಿರಿಯಾಗಿ ಅಳುತ್ತಾಳೆ, ಕುಮಾರನೆಂಬ ಪಾತ್ರದಲ್ಲಿರುವವನು ಅವಳನ್ನು ಮಾತಾಡಿಸುತ್ತಾನೆ, ಮನೆಯವರು ಎದುರಿಗೆ ನಿಂತು ಕೇಳಿಸಿಕೊಳ್ಳುತ್ತಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಈ ಆಚರಣೆಯನ್ನು 1970ರ ದಶಕದಿಂದಲೇ ಅಭ್ಯಾಸ ಮಾಡಿದ್ದರು. ಇದನ್ನು ಔಷಧಕ್ಕೆ ಬದಲಿ ಎನ್ನಲಾಗದು. ಆದರೆ ದುಃಖಿಯ ಮಾತಿಗೆ ಕುಟುಂಬವೆಲ್ಲ ಕಿವಿಗೊಡುವ ಮತ್ತು ಅದರಿಂದ ಯಾರ ಮಾನಕ್ಕೂ ಕುಂದು ಬಾರದ ಇಂಥ ಏರ್ಪಾಡನ್ನು ಆಸ್ಪತ್ರೆಗಳು ಇನ್ನೂ ರೂಪಿಸಿಕೊಂಡಿಲ್ಲ ಎಂಬುದನ್ನು ಒಪ್ಪಲೇಬೇಕು.

ಮಾನದ ಈ ಲೆಕ್ಕಾಚಾರವೇ ಪ್ರಶ್ನೆಯ ತಿರುಳು. ಆರ್. ರಘುರಾಮ್ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ 80 ಮಂದಿ ಹೊರರೋಗಿಗಳನ್ನು ಮಾತಾಡಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಖಿನ್ನತೆಯ ಲಕ್ಷಣಗಳು ಹೆಚ್ಚಿದಷ್ಟೂ ಕಳಂಕದ ಭಾವ, ಅಂದರೆ ಜನ ತಮ್ಮನ್ನು ಕೀಳಾಗಿ ಕಂಡಾರು ಎಂಬ ಅಳುಕು, ಹೆಚ್ಚುತ್ತಿತ್ತು. ಮೈಕೈ ನೋವಿನಂಥ ದೈಹಿಕ ಲಕ್ಷಣಗಳ ವಿಷಯದಲ್ಲಿ ಅದು ತಿರುವುಮುರುವಾಗಿತ್ತು. ದೇಹದ ನೋವನ್ನು ಹೇಳಿಕೊಂಡರೆ ಮದುವೆಯ ಮಾತುಕತೆ ಮುರಿಯದು, ಮನಸ್ಸಿನದನ್ನು ಹೇಳಿಕೊಂಡರೆ ತಂಗಿಯ ಸಂಬಂಧವೂ ತಪ್ಪಬಹುದು. ಕರಾವಳಿಯಲ್ಲಿ ಖಿನ್ನತೆಯು ತಲೆಬಿಸಿ, ಗ್ಯಾಸ್, ಎದೆ ಡವಡವ ಎಂಬ ವೇಷದಲ್ಲಿ ಸಾಮಾನ್ಯ ವೈದ್ಯರ ಮುಂದೆ ಬರುವುದಕ್ಕೆ ತಿಳಿವಳಿಕೆಯ ಕೊರತೆಗಿಂತ ಈ ಎಚ್ಚರವೇ ದೊಡ್ಡ ಕಾರಣವೆನಿಸುತ್ತದೆ. ಫಿಶರ್ ಮತ್ತು ಟರ್ನರ್ 1970ರಲ್ಲಿ ರೂಪಿಸಿದ ಮನೋಭಾವದ ಅಳತೆಪಟ್ಟಿಯೂ ನೆರವಿನ ಅಗತ್ಯವನ್ನು ಅರಿಯುವುದು ಬೇರೆ, ಕಳಂಕವನ್ನು ತಾಳಿಕೊಳ್ಳುವುದು ಬೇರೆ ಎಂದು ವಿಂಗಡಿಸಿತ್ತು.

ಇನ್ನು ದೂರದ ಮಾತು. ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್. ಘಟ್ಟದ ಬುಡದ ಹಳ್ಳಿಗಳಿಗೆ ಅದು ಇನ್ನೂ ಹೆಚ್ಚು. ತಿಂಗಳಿಗೊಮ್ಮೆ ಬರಬೇಕೆಂದರೆ ಬೀಡಿ ಕಟ್ಟಿಯೋ ಕೂಲಿ ಮಾಡಿಯೋ ಬದುಕುವ ಮನೆಗೆ ಒಂದು ದಿನದ ದುಡಿಮೆ ಹೋಯಿತು, ಜೊತೆಗೆ ಹೋದವರದ್ದೂ ಹೋಯಿತು. 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ಸಾಮಾನ್ಯ ಮನೋವ್ಯಾಧಿಗಳಲ್ಲಿ ಚಿಕಿತ್ಸಾ ಅಂತರ, ಅಂದರೆ ಕಾಯಿಲೆಯಿದ್ದೂ ಚಿಕಿತ್ಸೆ ಸಿಗದವರ ಪ್ರಮಾಣ, ಶೇಕಡ 85ರಷ್ಟಿದೆ ಎಂದು ಕಂಡುಕೊಂಡಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರು ಸಿಗುವಂತೆ ರಾಜ್ಯ ಸರ್ಕಾರ ರೂಪಿಸಿದ ಮನೋಚೈತನ್ಯ ಕಾರ್ಯಕ್ರಮದ ಬೆಲೆ ಇರುವುದು ಇಲ್ಲಿಯೇ: ಜ್ವರಕ್ಕೂ ಹೆರಿಗೆಗೂ ಬರುವ ಅದೇ ಆಸ್ಪತ್ರೆಯ ಸಾಲಿನಲ್ಲಿ ನಿಂತವರನ್ನು ಯಾರೂ ತಿರುಗಿ ನೋಡುವುದಿಲ್ಲ.

ಹಿಂಜರಿಕೆಗೆ ಕಾರಣಗಳಿವೆಯೆಂದು ಚಿಕಿತ್ಸೆ ತಡವಾದರೂ ಚಿಂತೆಯಿಲ್ಲ ಎನ್ನಲಾಗದು. ಕಿವಿಯಲ್ಲಿ ಇಲ್ಲದ ದನಿಗಳು ಕೇಳುವ ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ಮದ್ದು ಆರಂಭವಾಗುವುದು ತಡವಾದಷ್ಟೂ ಗುಣಮುಖರಾಗುವುದು ಕಷ್ಟವಾಗುತ್ತದೆ. ದರ್ಗಾದ ಹರಕೆಯನ್ನು ನಂಬಿ ಮನೋರೋಗಿಗಳನ್ನು ಇರಿಸುತ್ತಿದ್ದ ತಮಿಳುನಾಡಿನ ಏರ್ವಾಡಿಯ ಆಶ್ರಯಧಾಮವೊಂದರಲ್ಲಿ 2001ರ ಆಗಸ್ಟ್ 6ರಂದು ಸರಪಳಿಯಲ್ಲಿದ್ದ 28 ಮಂದಿ ಬೆಂಕಿಗೆ ಬಲಿಯಾದುದನ್ನು ಮರೆಯುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಬಿಗಿಯುವುದನ್ನು ನಿಷೇಧಿಸಿದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದೇ ಭಾವಿಸಬೇಕು, ಶಿಕ್ಷಿಸಕೂಡದು ಎಂಬುದು ಅದೇ ಕಾಯ್ದೆಯ 115ನೆಯ ಕಲಮಿನ ಆಶಯವಾಗಿದ್ದು, ಪೊಲೀಸ್ ಕೇಸಿಗೆ ಹೆದರಿ ಸಂಗತಿಯನ್ನು ಮುಚ್ಚಿಡುವ ಮನೆಗಳಿಗೆ ಇದು ತಲುಪಬೇಕು.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416 ಸಂಖ್ಯೆಗೆ, ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು. ಈ ಮೂರು ತಾಲ್ಲೂಕುಗಳಲ್ಲಿ ಅಳು ಹೊರಬರುವುದಾದರೋ ಹೆಚ್ಚಾಗಿ ತುಳು, ಬ್ಯಾರಿ, ಕೊಂಕಣಿಗಳಲ್ಲಿ; ಆದ್ದರಿಂದ ಆ ಭಾಷೆ ಬಲ್ಲ ಆಶಾ ಕಾರ್ಯಕರ್ತೆಯರಿಗೂ, ಪ್ರಶ್ನೆ ಇಡುವವರಿಗೂ, ಪಾತ್ರಿಗಳಿಗೂ, ಧರ್ಮಗುರುಗಳಿಗೂ ಯಾವ ಲಕ್ಷಣ ಕಂಡರೆ ಮಂಗಳವಾರದ ಚೀಟಿ ಮಾಡಿಸಲು ಹೇಳಬೇಕೆಂಬುದನ್ನು ಆರೋಗ್ಯ ಇಲಾಖೆ ತಾನಾಗಿಯೇ ಹೋಗಿ, ಗೌರವದಿಂದ, ತಿಳಿಸಬೇಕಾಗಿದೆ.