ಹಿತ್ತಲಿನ ಹೆಗ್ಗಣ ಮತ್ತು ಗಾಳಿಕೋವಿಯ ಭೌತವಿಜ್ಞಾನ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಅಕ್ಕಿ ವ್ಯಾಪಾರ ಮಾಡುವ ಪರಿಚಿತರೊಬ್ಬರು ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದರು. ಸಿರುಗುಪ್ಪದ ಕಡೆಯಿಂದ ಬರುವ ಅಕ್ಕಿ ಮೂಟೆಗಳನ್ನು ಅವರು ಮನೆಯ ಹಿಂದಿನ ಗೋದಾಮಿನಲ್ಲಿ ಇಡುತ್ತಾರೆ. ಅಲ್ಲಿ ಹೆಗ್ಗಣಗಳ ಕಾಟ ವಿಪರೀತ. ವಿಷ ಇಡೋಣವೆಂದರೆ ಪಕ್ಕದಲ್ಲೇ ಆಹಾರ ಧಾನ್ಯ, ಅಂಗಳದಲ್ಲಿ ಮೊಮ್ಮಗಳು. ಆದ್ದರಿಂದ ಏರ್‌ಗನ್ ಕೊಳ್ಳುವ ಯೋಚನೆ. "ಸರ್, ನೀವು ಫಿಸಿಕ್ಸ್ ಮೇಷ್ಟ್ರು. ಯಾವ ಗನ್ನು ತಗೊಳ್ಳಲಿ? ಗುರಿ ಹೆಂಗ ಹೊಂದಿಸಬೇಕು? ಅದೊಂದು ಹೇಳಿಬಿಡ್ರಿ" ಎಂದರು.

ಪ್ರಶ್ನೆ ಸರಳವಾಗಿ ಕಂಡರೂ ಉತ್ತರದಲ್ಲಿ ಪಿಯುಸಿ ಭೌತವಿಜ್ಞಾನದ ಅರ್ಧ ಪಠ್ಯವೇ ಅಡಗಿದೆ. ಆ ದಿನ ಕಾಗದದ ಮೇಲೆ ನಾವಿಬ್ಬರೂ ಹಾಕಿದ ಲೆಕ್ಕಗಳನ್ನು ಓದುಗರ ಮುಂದಿಡುತ್ತಿದ್ದೇನೆ.

ಗಾಳಿಕೋವಿ ಎಂದರೇನು?

ಮದ್ದಿನ ಕೋವಿಯಲ್ಲಿ ಗುಂಡನ್ನು ತಳ್ಳುವುದು ಉರಿಯುವ ಮದ್ದಿನ ಅನಿಲ. ಗಾಳಿಕೋವಿಯಲ್ಲಿ ಆ ಕೆಲಸವನ್ನು ಒತ್ತಿಹಿಡಿದ ಗಾಳಿಯೇ ಮಾಡುತ್ತದೆ. ಇದು ಹೊಸದೇನಲ್ಲ. 1780ರ ಸುಮಾರಿಗೇ ಆಸ್ಟ್ರಿಯದ ಸೇನೆಗಾಗಿ ಗಿರಾಂಡೋನಿ ಎಂಬ ಕುಶಲಕರ್ಮಿ ಇಂತಹ ರೈಫಲನ್ನು ರಚಿಸಿದ್ದ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ. ಆ ಸ್ಪರ್ಧೆಯ ಗುರಿಫಲಕದ ನಡುವಿನ ಚುಕ್ಕೆಯ ವ್ಯಾಸ ಕೇವಲ ಅರ್ಧ ಮಿ.ಮೀ.!

ಇಂದು ಮೂರು ಬಗೆಯ ಗಾಳಿಕೋವಿಗಳು ಬಳಕೆಯಲ್ಲಿವೆ. ಮೊದಲನೆಯದು ಸ್ಪ್ರಿಂಗಿನದು. ನಳಿಗೆಯನ್ನು ಬಗ್ಗಿಸಿದಾಗ ಒಳಗಿನ ಬಲವಾದ ಸ್ಪ್ರಿಂಗ್ ಕುಗ್ಗಿ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಒತ್ತಿದೊಡನೆ ಸ್ಪ್ರಿಂಗ್ ಪಿಸ್ಟನನ್ನು ಮುಂದಕ್ಕೆ ನೂಕುತ್ತದೆ. ಪಿಸ್ಟನ್ ಗಾಳಿಯನ್ನು ಒತ್ತುತ್ತದೆ. ಆ ಗಾಳಿ ಸೀಸದ ಪೆಲೆಟನ್ನು ಹೊರದೂಡುತ್ತದೆ. ಎರಡನೆಯದರಲ್ಲಿ ಪಂಪಿನಿಂದ ಮೊದಲೇ ತುಂಬಿಟ್ಟ ಅಧಿಕ ಒತ್ತಡದ ಗಾಳಿ ಇರುತ್ತದೆ. ಇದು ನಿಖರ, ಆದರೆ ದುಬಾರಿ. ಮೂರನೆಯದು ಇಂಗಾಲದ ಡೈಆಕ್ಸೈಡ್ ತುಂಬಿದ ಪುಟ್ಟ ಸಿಲಿಂಡರಿನದು.

ಈ ಮೂರನೆಯ ಬಗೆ ಬಳ್ಳಾರಿಗೆ ಒಗ್ಗುವುದಿಲ್ಲ. ಸಿಲಿಂಡರಿನಲ್ಲಿ ಇಂಗಾಲದ ಡೈಆಕ್ಸೈಡ್ ದ್ರವರೂಪದಲ್ಲಿರುತ್ತದೆ. ದ್ರವ ಇರುವವರೆಗೆ ಅದರ ಮೇಲಿನ ಆವಿಯ ಒತ್ತಡವನ್ನು ನಿರ್ಧರಿಸುವುದು ಉಷ್ಣತೆ ಮಾತ್ರ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದು ವಾಯುಮಂಡಲದ ಒತ್ತಡದ ಸುಮಾರು 57 ಪಟ್ಟು. 31 ಡಿಗ್ರಿಯ ಹೊತ್ತಿಗೆ 73 ಪಟ್ಟು. ಈ 31 ಡಿಗ್ರಿಯೇ ಇಂಗಾಲದ ಡೈಆಕ್ಸೈಡಿನ ಸಂದಿಗ್ಧ ಉಷ್ಣತೆ. ಅದಕ್ಕೆ ಮೇಲೆ ದ್ರವವೆಂಬುದೇ ಉಳಿಯದು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹೀಗಾಗಿ ಜನವರಿಯ ಮುಂಜಾನೆ ಹೊಂದಿಸಿದ ಗುರಿ ಏಪ್ರಿಲ್ ಮಧ್ಯಾಹ್ನಕ್ಕೆ ಸರಿಹೊಂದುವುದಿಲ್ಲ. ಸ್ಪ್ರಿಂಗಿನ ಕೋವಿಗೆ ಈ ತೊಂದರೆ ಬಹಳ ಕಡಿಮೆ.

ವೇಗ ನೋಡಬೇಡಿ, ಶಕ್ತಿ ನೋಡಿ

ಅಂಗಡಿಗಳಲ್ಲಿ "ಸೆಕೆಂಡಿಗೆ 1000 ಅಡಿ" ಎಂಬ ಜಾಹೀರಾತು ಕಾಣುತ್ತೇವೆ. 1000 ಅಡಿ ಎಂದರೆ 305 ಮೀ. ಆದರೆ ಯಾವ ಪೆಲೆಟ್‌ನಿಂದ ಈ ವೇಗ? ಹಗುರ ಮಿಶ್ರಲೋಹದ 0.3 ಗ್ರಾಂ ಪೆಲೆಟ್ ಆದರೆ ಚಲನಶಕ್ತಿ ಸುಮಾರು 14 ಜೂಲ್. ಸೀಸದ 0.5 ಗ್ರಾಂ ಪೆಲೆಟ್ ಅದೇ ವೇಗದಲ್ಲಿ ಹೊರಟರೆ 23 ಜೂಲ್. ಅಂದರೆ ವೇಗವೊಂದನ್ನೇ ಹೇಳಿದರೆ ಏನನ್ನೂ ಹೇಳಿದಂತಾಗುವುದಿಲ್ಲ. ಇಷ್ಟಲ್ಲದೆ, ಶಬ್ದದ ವೇಗವನ್ನು ಸಮೀಪಿಸುವ ಪೆಲೆಟ್‌ಗೆ ಗಾಳಿಯ ರೋಧ ಥಟ್ಟನೆ ಏರಿ ಅದು ಓಲಾಡತೊಡಗುತ್ತದೆ. ಸೆಕೆಂಡಿಗೆ 200 ಮೀ. ಆಸುಪಾಸಿನ ವೇಗವೇ ನಿಖರತೆಗೆ ಒಳ್ಳೆಯದು. ಆಗ 0.5 ಗ್ರಾಂ ಪೆಲೆಟ್‌ನ ಶಕ್ತಿ 10 ಜೂಲ್.

ಕಾನೂನು ಕೂಡ ಶಕ್ತಿಯನ್ನೇ ಅಳೆಯುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ ನಳಿಗೆಯ ಬಾಯಲ್ಲಿ 20 ಜೂಲ್ ಮೀರುವ ಅಥವಾ 4.5 ಮಿ.ಮೀ.ಗಿಂತ ದೊಡ್ಡ ನಳಿಗೆಯ ಗಾಳಿಕೋವಿಗೆ ಪರವಾನಗಿ ಬೇಕು.

ಶಕ್ತಿಯನ್ನು ಮನೆಯಲ್ಲೇ ಅಳೆಯಬಹುದು. ಒಂದು ಡಬ್ಬಕ್ಕೆ ಜೇಡಿಮಣ್ಣು ತುಂಬಿ ಒಟ್ಟು ಅರ್ಧ ಕಿ.ಗ್ರಾಂ ಮಾಡಿ, 1 ಮೀ. ಉದ್ದದ ದಾರಗಳಿಂದ ತೂಗುಹಾಕಿ. ಹಿಂದೆ ಮಣ್ಣಿನ ಚೀಲಗಳಿರಲಿ. ಪೆಲೆಟ್ ಮಣ್ಣಿನಲ್ಲಿ ಹೂತು ನಿಂತಾಗ ಸಂವೇಗ ಸಂರಕ್ಷಣೆಯ ನಿಯಮದಂತೆ ಡಬ್ಬ ಹಿಂದಕ್ಕೆ ತೂಗುತ್ತದೆ. 0.5 ಗ್ರಾಂ ಪೆಲೆಟ್ ಆದರೆ, ಡಬ್ಬ ಅಡ್ಡಕ್ಕೆ ಸರಿದ ಪ್ರತಿ ಸೆಂ.ಮೀ.ಗೆ ಪೆಲೆಟ್‌ನ ವೇಗ ಸೆಕೆಂಡಿಗೆ ಸುಮಾರು 31 ಮೀ. ಎಂದು ಲೆಕ್ಕ. 6.4 ಸೆಂ.ಮೀ. ಸರಿದರೆ ವೇಗ 200 ಮೀ. ಪ್ರಯೋಗಾಲಯದ 'ಬ್ಯಾಲಿಸ್ಟಿಕ್ ಲೋಲಕ' ಇದೇ.

ಕೊಳ್ಳುವಾಗ ನಳಿಗೆಯ ಒಳಗೆ ಸುರುಳಿ ಗೀರುಗಳಿವೆಯೇ ನೋಡಿ. ಗೀರುಗಳು ಪೆಲೆಟನ್ನು ಬುಗುರಿಯಂತೆ ತಿರುಗಿಸುತ್ತವೆ. ಸುಮಾರು 40 ಸೆಂ.ಮೀ.ಗೆ ಒಂದು ಸುತ್ತಿನ ಗೀರಾದರೆ 200 ಮೀ. ವೇಗದ ಪೆಲೆಟ್ ಸೆಕೆಂಡಿಗೆ 500 ಸುತ್ತು ತಿರುಗುತ್ತದೆ! ತಿರುಗುವ ಬುಗುರಿ ಬೀಳದಿರುವಂತೆಯೇ ತಿರುಗುವ ಪೆಲೆಟ್ ಮಗುಚುವುದಿಲ್ಲ. ನುಣುಪು ನಳಿಗೆಯ ಅಗ್ಗದ ಕೋವಿಯಿಂದ ಈ ನಿಖರತೆ ಬಾರದು.

ಹಿಡಿತದ ಗುಟ್ಟು

ಸ್ಪ್ರಿಂಗ್ ಕೋವಿಯನ್ನು ಮೇಜಿನ ಮೇಲೆ ಗಟ್ಟಿಯಾಗಿ ಒತ್ತಿಹಿಡಿದು ಹೊಡೆದರೆ ಗುರಿ ತಪ್ಪುತ್ತದೆ. ಕಾರಣವೇನು? ಪಿಸ್ಟನ್ ಮುಂದಕ್ಕೆ ಹಾರಿದಾಗ ಕೋವಿ ಹಿಂದಕ್ಕೆ ಸರಿಯಲೇಬೇಕು. ಒಟ್ಟು 3 ಕಿ.ಗ್ರಾಂ ಕೋವಿಯಲ್ಲಿ 250 ಗ್ರಾಂ ಪಿಸ್ಟನ್ 75 ಮಿ.ಮೀ. ಚಲಿಸಿದರೆ ಕೋವಿ ಸುಮಾರು 6 ಮಿ.ಮೀ. ಹಿಂದೆ ಬರುತ್ತದೆ. ಪಿಸ್ಟನ್ ನಿಂತಾಗ ಮತ್ತೆ ಮುಂದಕ್ಕೆ ಜಗ್ಗುತ್ತದೆ. ಪೆಲೆಟ್ ಇನ್ನೂ ನಳಿಗೆಯೊಳಗಿರುವಾಗಲೇ ಈ ಅಲುಗಾಟ ಆರಂಭವಾಗಿರುತ್ತದೆ! ಅಲುಗಾಟವನ್ನು ತಡೆಯಲಾಗದು, ಪ್ರತಿಸಲ ಒಂದೇ ರೀತಿ ಆಗುವಂತೆ ಮಾಡಬಹುದು. ಅದಕ್ಕಾಗಿ ಕೋವಿಯನ್ನು ತೆರೆದ ಅಂಗೈ ಮೇಲೆ ಸಡಿಲವಾಗಿ ಇಟ್ಟು, ಹಿಂದಕ್ಕೂ ಮುಂದಕ್ಕೂ ಜಾರಲು ಬಿಡಬೇಕು.

ಗುರಿ ಹೊಂದಿಸುವುದು

ಕಣ್ಣಿನ ದೃಷ್ಟಿರೇಖೆ ಸರಳರೇಖೆ. ಪೆಲೆಟ್‌ನ ದಾರಿ ಬಾಗಿದ ರೇಖೆ. ಇಷ್ಟಲ್ಲದೆ ದೂರದರ್ಶಕ ಕೂರುವುದು ನಳಿಗೆಗಿಂತ ಸುಮಾರು 4 ಸೆಂ.ಮೀ. ಮೇಲೆ. ಆದ್ದರಿಂದ ಪೆಲೆಟ್ ದೃಷ್ಟಿರೇಖೆಯ ಕೆಳಗಿನಿಂದ ಹೊರಟು, ಒಮ್ಮೆ ಅದನ್ನು ದಾಟಿ ಮೇಲೇರಿ, ಮತ್ತೊಮ್ಮೆ ದಾಟಿ ಕೆಳಗಿಳಿಯುತ್ತದೆ. ಗುರಿ ಹೊಂದಿಸುವುದೆಂದರೆ ಈ ದಾಟುವ ಸ್ಥಳವನ್ನು ನಾವೇ ಆರಿಸುವುದು.

ನಮ್ಮ 10 ಜೂಲ್ ಕೋವಿಯನ್ನು 20 ಮೀ.ಗೆ ಹೊಂದಿಸಿದ್ದೇವೆನ್ನಿ. ಗಾಳಿಯ ರೋಧದಿಂದ ಪೆಲೆಟ್ ಪ್ರತಿ ಮೀಟರಿಗೆ ಸುಮಾರು ನೂರಕ್ಕೆ 0.6ರಷ್ಟು ವೇಗ ಕಳೆದುಕೊಳ್ಳುತ್ತದೆಂದು ಲೆಕ್ಕಕ್ಕೆ ಹಿಡಿದರೆ ಪೆಲೆಟ್ ಬೀಳುವ ಜಾಗ ಹೀಗಿರುತ್ತದೆ:

5 ಮೀ. ದೂರದಲ್ಲಿ – 2 ಸೆಂ.ಮೀ. ಕೆಳಗೆ
8 ಮೀ. – 1.1 ಸೆಂ.ಮೀ. ಕೆಳಗೆ
10 ಮೀ. – 0.6 ಸೆಂ.ಮೀ. ಕೆಳಗೆ
15 ಮೀ. – ಸರಿಯಾಗಿ ಗುರಿಗೆ
20 ಮೀ. – ಸರಿಯಾಗಿ ಗುರಿಗೆ
25 ಮೀ. – 0.9 ಸೆಂ.ಮೀ. ಕೆಳಗೆ
30 ಮೀ. – 2.5 ಸೆಂ.ಮೀ. ಕೆಳಗೆ

ಹತ್ತಿರವಾದಷ್ಟೂ ಗುರಿ ಸುಲಭವೆಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ. 5 ಮೀ.ನಲ್ಲಿ ಆಗುವ ತಪ್ಪು 25 ಮೀ.ನ ತಪ್ಪಿಗಿಂತ ಹೆಚ್ಚು! ವ್ಯಾಪಾರಿಗಳ ಹಿತ್ತಲಿನ ಉದ್ದ ಎಂಟು ಮೀಟರ್. ಹೆಗ್ಗಣ ತಕ್ಷಣ ಸಾಯಬೇಕಾದರೆ ಪೆಲೆಟ್ ಮಿದುಳಿಗೇ ತಾಗಬೇಕು. ಆ ಜಾಗದ ಅಗಲ ಹೆಚ್ಚೆಂದರೆ 2 ಸೆಂ.ಮೀ. ಅಂದರೆ ನಡುವಿನಿಂದ 1 ಸೆಂ.ಮೀ. ತಪ್ಪಿದರೂ ಪ್ರಾಣಿ ಗಾಯಗೊಂಡು ಬಿಲದೊಳಗೆ ನರಳಿ ಸಾಯುತ್ತದೆ. ಇದು ಕ್ರೌರ್ಯ, ಗೋದಾಮಿಗೆ ದುರ್ವಾಸನೆ ಬೇರೆ. ಆದ್ದರಿಂದ ಯಾವ ದೂರದಲ್ಲಿ ಹೊಡೆಯುವಿರೋ ಆ ದೂರಕ್ಕೇ ಹೊಂದಿಸಬೇಕು.

ಹೊಂದಿಸುವ ಕ್ರಮ ಹೀಗೆ. ಕಾಗದದ ಮೇಲೆ ಚುಕ್ಕೆಯಿಟ್ಟು, ಒಂದೇ ಬಗೆಯ ಪೆಲೆಟ್‌ಗಳಿಂದ ಒಂದೇ ಹಿಡಿತದಲ್ಲಿ ಐದು ಸಲ ಹೊಡೆಯಿರಿ. ಒಂದೊಂದು ತೂತಿಗೂ ತಿರುಪು ತಿರುಗಿಸಬೇಡಿ. ಐದರ ನಡುಬಿಂದುವನ್ನು ಗುರುತಿಸಿ, ಅದು ಚುಕ್ಕೆಯಿಂದ ಎಷ್ಟು ದೂರವಿದೆ ಅಳೆಯಿರಿ. ಒಂದು ಅಳತೆಗಿಂತ ಐದರ ಸರಾಸರಿ ಹೆಚ್ಚು ನಂಬಿಕಸ್ಥವೆಂದು ಪ್ರಯೋಗಾಲಯದಲ್ಲಿ ಹೇಳುತ್ತೇವಲ್ಲ, ಅದೇ ನಿಯಮ. ಸಾಮಾನ್ಯ ದೂರದರ್ಶಕದ ಒಂದು 'ಕ್ಲಿಕ್' ಪೆಲೆಟನ್ನು 10 ಮೀ.ನಲ್ಲಿ ಸುಮಾರು 0.7 ಮಿ.ಮೀ., 20 ಮೀ.ನಲ್ಲಿ 1.5 ಮಿ.ಮೀ. ಸರಿಸುತ್ತದೆ. 10 ಮೀ.ನಲ್ಲಿ 2 ಸೆಂ.ಮೀ. ಕೆಳಗೆ ಬೀಳುತ್ತಿದ್ದರೆ ಸುಮಾರು 28 ಕ್ಲಿಕ್ ಮೇಲಕ್ಕೆ. ನಂತರ ಮತ್ತೆ ಐದು.

ದೂರದರ್ಶಕವಿಲ್ಲದ ಕೋವಿಯಲ್ಲಿ ಹಿಂದಿನ ಸೈಟನ್ನು ಸರಿಸಬೇಕು. ಪೆಲೆಟ್ ಯಾವ ಕಡೆ ಹೋಗಬೇಕೋ ಆ ಕಡೆಗೇ ಸರಿಸುವುದು. ಎರಡು ಸೈಟುಗಳ ನಡುವೆ 45 ಸೆಂ.ಮೀ. ಇದ್ದರೆ, ಹಿಂದಿನದನ್ನು 1 ಮಿ.ಮೀ. ಸರಿಸಿದಾಗ 10 ಮೀ. ದೂರದಲ್ಲಿ 22 ಮಿ.ಮೀ. ವ್ಯತ್ಯಾಸವಾಗುತ್ತದೆ. ಇದು ಸಮರೂಪ ತ್ರಿಭುಜಗಳ ಲೆಕ್ಕವಷ್ಟೆ.

ಗುರಿಯ ಹಿಂದೆ ಏನಿದೆ?

ಇಷ್ಟೆಲ್ಲ ಲೆಕ್ಕವಾದ ಮೇಲೆ ನಾನು ಕೇಳಿದೆ: "ನಿಮ್ಮ ಹಿತ್ತಲ ಗೋಡೆ ಎಂಥದ್ದು?"

"ಕಲ್ಲಿಂದು ಸರ್. ತಾತನ ಕಾಲದ್ದು, ಗಟ್ಟಿ ಐತಿ."

"ಅದರ ಆಚೆ?"

"ಸಂದಿ. ಹುಡುಗ್ರು ಟ್ಯೂಷನ್ನಿಗೆ ಹೋಗೋ ದಾರಿ."

ಬಳ್ಳಾರಿ ಬಂಡೆಗಳ ಊರು. ಇಲ್ಲಿನ ಕಲ್ಲು ಗ್ರಾನೈಟ್. 10 ಜೂಲ್ ಶಕ್ತಿಯ ಪೆಲೆಟ್ ಮಣ್ಣಿನ ಚೀಲದಲ್ಲಿ 10 ಸೆಂ.ಮೀ. ಹೊಕ್ಕು ನಿಂತರೆ ಸರಾಸರಿ ಬಲ 100 ನ್ಯೂಟನ್. ಕಲ್ಲಿಗೆ ಬಡಿದು 1 ಮಿ.ಮೀ.ನಲ್ಲಿ ನಿಲ್ಲಬೇಕಾದರೆ 10,000 ನ್ಯೂಟನ್! ಸೀಸ ಚಪ್ಪಟೆಯಾಗಿ ಚೂರುಗಳು ಎತ್ತೆತ್ತಲೋ ಸಿಡಿಯುತ್ತವೆ. ಓರೆಯಾಗಿ ತಾಗಿದರಂತೂ ಪೆಲೆಟ್ ಹೆಚ್ಚಿನ ವೇಗ ಉಳಿಸಿಕೊಂಡೇ ಜಾರಿಹೋಗುತ್ತದೆ. ಉಕ್ಕಿನ ಗೋಲಿಗಳು ಇನ್ನೂ ಅಪಾಯಕಾರಿ. ಅವು ಚಪ್ಪಟೆಯಾಗದೆ ನೇರ ಹಿಂದಕ್ಕೇ ಪುಟಿಯುತ್ತವೆ.

ಇದು ನನ್ನ ಪುಸ್ತಕದ ಜ್ಞಾನವಲ್ಲ. ವಿದ್ಯಾರ್ಥಿಯಾಗಿದ್ದಾಗ ಗೆಳೆಯನ ಏರ್‌ಗನ್ನಿನಿಂದ ಕಲ್ಲುಗೋಡೆಗೆ ಒರಗಿಸಿದ್ದ ಡಬ್ಬಕ್ಕೆ ಹೊಡೆದೆ. ಡಬ್ಬ ತಪ್ಪಿತು. ಮರುಕ್ಷಣ ನನ್ನ ಕನ್ನಡಕದ ಎಡ ಗಾಜು ಒಡೆದಿತ್ತು. ಅಂದು ಕನ್ನಡಕವಿಲ್ಲದಿದ್ದರೆ ಇಂದು ಒಂದೇ ಕಣ್ಣಿನಲ್ಲಿ ಈ ಲೇಖನ ಬರೆಯಬೇಕಾಗುತ್ತಿತ್ತು.

ಚರ್ಮವನ್ನು ಭೇದಿಸಲು ಇಂತಹ ಪೆಲೆಟ್‌ಗೆ ಸೆಕೆಂಡಿಗೆ ಸುಮಾರು 100 ಮೀ. ವೇಗ ಸಾಕು, ಕಣ್ಣಿಗೆ ಅದಕ್ಕಿಂತ ಕಡಿಮೆಯೂ ಸಾಕು. ನಮ್ಮ ಪೆಲೆಟ್‌ಗೆ 100 ಮೀ. ದೂರ ಸಾಗಿದ ಮೇಲೂ ಸುಮಾರು 110 ಮೀ. ವೇಗ ಉಳಿದಿರುತ್ತದೆ. ಬ್ರೂಸ್‌ಪೇಟೆಯಲ್ಲಿ ನೂರು ಮೀಟರ್ ಎಂದರೆ ಎಷ್ಟು ಮನೆಗಳು, ಎಷ್ಟು ಮಾಳಿಗೆಗಳು! ಆದ್ದರಿಂದ ಮಾಳಿಗೆಯ ಮೇಲಿನ ಪಾರಿವಾಳಕ್ಕಾಗಲಿ, ಗೋಡೆಯ ಮೇಲೆ ಓಡುವ ಇಲಿಗಾಗಲಿ ಎಂದಿಗೂ ಹೊಡೆಯಕೂಡದು. ಕೆಳಮುಖವಾಗಿ, ಹಿಂದೆ ತಡೆ ಇರುವ ಜಾಗಕ್ಕೆ ಮಾತ್ರ. ತಡೆಗೆ ಮಣ್ಣು ತುಂಬಿದ ಗೋಣಿಚೀಲ ಸಾಕು. ಗುರಿ ಅಭ್ಯಾಸಕ್ಕಾದರೆ ನಮ್ಮೂರ ಜೀನ್ಸ್ ಹೊಲಿಯುವ ಮನೆಗಳಲ್ಲಿ ಮಿಗುವ ತುಂಡುಬಟ್ಟೆಯನ್ನು ದಪ್ಪ ಹಲಗೆಯ ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ತುಂಬಿಯೂ ಇಡಬಹುದು. ಹೊಡೆಯುವವರಿಗೂ ನೋಡುವವರಿಗೂ ರಕ್ಷಣಾ ಕನ್ನಡಕ ಕಡ್ಡಾಯ. ಸೀಸ ವಿಷವಾದ್ದರಿಂದ ಪೆಲೆಟ್ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು. ಧಾನ್ಯವಿರುವ ಕಡೆ ಪೆಲೆಟ್ ಹಾರಿಸಲೇಬಾರದು.

ಮಂಗ, ನವಿಲು, ಗಿಳಿಗಳ ಮಾತೇ ಬೇಡ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಕಾಗೆ, ಬಾವಲಿ, ಇಲಿಗಳನ್ನು 'ಉಪದ್ರವಿ'ಗಳೆಂದು ಹೆಸರಿಸಿದ್ದ ಹಳೆಯ ಪಟ್ಟಿಯನ್ನೂ 2022ರ ತಿದ್ದುಪಡಿ ತೆಗೆದುಹಾಕಿದೆ.

ಕೊನೆಯ ಲೆಕ್ಕ

ಹೆಗ್ಗಣ ನಿಶಾಚರಿ. ಹೊಡೆಯಬೇಕಾದ್ದು ಕತ್ತಲಲ್ಲಿ, ಎಂಟು ಮೀಟರ್ ಹಿತ್ತಲಲ್ಲಿ, ಕಲ್ಲುಗೋಡೆಯ ಎದುರು. ರಾತ್ರಿಗೆ ಒಂದು ಹೊಡೆದರೂ ಬಿಲದಲ್ಲಿ ಹುಟ್ಟುವ ಮರಿಗಳು ಅದಕ್ಕಿಂತ ಹೆಚ್ಚು. ಮೇವು ಮತ್ತು ದಾರಿ ಇರುವವರೆಗೆ ಅವು ಬರುತ್ತಲೇ ಇರುತ್ತವೆ. ನಾನು ಇಷ್ಟನ್ನು ಹೇಳಿ ಕಾಗದವನ್ನು ಅವರ ಕೈಗಿತ್ತೆ.

ಅವರು ಸ್ವಲ್ಪ ಹೊತ್ತು ಅಂಕಿಗಳನ್ನು ನೋಡಿ, "ಹಂಗಾದ್ರ ಮೊದಲು ಮೋರಿ ಬಾಯಿ ಮುಚ್ಚಿಸ್ತೀನಿ" ಎಂದು ಎದ್ದರು. ಮೋರಿಗೆ ಕಬ್ಬಿಣದ ಜಾಲರಿ, ಬಿಲಗಳಿಗೆ ಗಾಜಿನ ಚೂರು ಬೆರೆಸಿದ ಸಿಮೆಂಟ್, ಮೂಟೆಗಳ ಕೆಳಗೆ ಎತ್ತರದ ಹಲಗೆ, ಎರಡು ಬೋನು – ಇಷ್ಟು ಮಾಡಿಸಿದರು. ಕಾಟ ಪೂರ್ತಿ ಹೋಗಿಲ್ಲ, ಬಹಳ ಇಳಿದಿದೆ.

ಊರ ಹೊರಗೆ ವಿಶಾಲ ತೋಟವಿದ್ದು, ಹಿಂದೆ ಮಣ್ಣಿನ ದಿಬ್ಬವಿರುವವರಿಗೆ ಮೇಲಿನ ಲೆಕ್ಕಗಳು ಉಪಯೋಗಕ್ಕೆ ಬಂದಾವು. ಅವರೂ ಟ್ರಿಗರ್ ಒತ್ತುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಗುರಿ ತಪ್ಪಿದರೆ ಈ ಹತ್ತು ಜೂಲ್ ಎಲ್ಲಿಗೆ ಹೋಗುತ್ತದೆ? ಶಕ್ತಿ ನಾಶವಾಗುವುದಿಲ್ಲವೆಂದು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ.