‘ರೈವಲ್’ ಹುಟ್ಟಿದ್ದು ಕಾಲುವೆಯ ಬದಿಯಲ್ಲಿ

ರಾತ್ರಿ ಸರದಿಯಲ್ಲಿ ಗದ್ದೆಗೆ ನೀರು ಕಟ್ಟಿದವರಿಗೆ ಈ ಮಾತಿನ ಮೂಲ ಬೇಗ ಹಿಡಿಸುತ್ತದೆ. ಬ್ಯಾಟರಿ ಹಿಡಿದು ಬದುವಿನ ಮೇಲೆ ಕೂತಿರುತ್ತೀರಿ. ಮೊಣಕಾಲುದ್ದ ಬರುತ್ತಿದ್ದ ನೀರು ನೋಡನೋಡುತ್ತ ಪಾದ ಮುಳುಗದಷ್ಟಾಗುತ್ತದೆ. ಮೇಲಿನ ಗದ್ದೆಯಲ್ಲಿ ಯಾರೋ ಗುದ್ದಲಿಯಿಂದ ಮಣ್ಣು ಸರಿಸಿದ್ದಾರೆ. ಬೆಳಗಾದರೆ ನೀರುಗಂಟಿಯ ಮುಂದೆ ನ್ಯಾಯ. ಎದುರು ನಿಂತವರು ಬೇರೆ ಊರಿನವರಲ್ಲ, ನಿಮ್ಮ ಬದುವಿಗೆ ಬದು ಸೇರಿಸಿಕೊಂಡವರೇ.

ಎದುರಾಳಿ, ಪ್ರತಿಸ್ಪರ್ಧಿ ಎಂದು ನಾವು ಅರ್ಥ ಹೇಳುವ ಇಂಗ್ಲಿಷಿನ ‘ರೈವಲ್’ ಬಂದದ್ದು ಇಂಥದ್ದೇ ಜಾಗದಿಂದ. ಲ್ಯಾಟಿನ್‌ನಲ್ಲಿ ‘ರೀವುಸ್’ ಎಂದರೆ ತೊರೆ, ಕಾಲುವೆ. ಅದೇ ಕಾಲುವೆಯ ನೀರು ಬಳಸುವ ನೆರೆಯವನು ‘ರೀವಾಲಿಸ್’. ಇದು ಊಹೆಯ ಕಥೆಯಲ್ಲ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಜಾರಿಗೆ ತಂದ ‘ಡೈಜೆಸ್ಟ್’ ಎಂಬ ಕಾನೂನು ಸಂಗ್ರಹದಲ್ಲಿ, ಮೂರನೇ ಶತಮಾನದ ನ್ಯಾಯಶಾಸ್ತ್ರಜ್ಞ ಉಲ್ಪಿಯನ್ ಒಂದೇ ಕಾಲುವೆಯಿಂದ ನೀರು ಹಾಯಿಸುವವರನ್ನು ಈ ಹೆಸರಿನಿಂದಲೇ ಕರೆದು, ಅವರೊಳಗೆ ನೀರಿನ ತಕರಾರು ಎದ್ದರೆ ಏನು ಮಾಡಬೇಕೆಂದು ಹೇಳುತ್ತಾನೆ. ರೋಮನ್ನರ ನಿಯಮ ನಮ್ಮ ರೈತರಿಗೂ ಒಪ್ಪುವಂಥದ್ದು: ಆ ವರ್ಷ ಬಲವಂತ ಮಾಡದೆ, ಕದ್ದುಮುಚ್ಚಿ ಅಲ್ಲದೆ, ಇನ್ನೊಬ್ಬನ ದಯೆಯಿಂದಲೂ ಅಲ್ಲದೆ ನೀರು ಹಾಯಿಸಿಕೊಂಡು ಬಂದವನನ್ನು ಯಾರೂ ತಡೆಯಕೂಡದು.

ಸರದಿಯೂ ಇತ್ತು. ಇಂದಿನ ಅಲ್ಜೀರಿಯಾದ ಲಮಾಸ್ಬಾದಲ್ಲಿ ಮೂರನೇ ಶತಮಾನದ ಆರಂಭದ ಒಂದು ಶಾಸನ ಸಿಕ್ಕಿದೆ. ಯಾರ ಹೊಲಕ್ಕೆ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ನೀರು ಎಂದು ಹೆಸರು ಹಿಡಿದು ಕಲ್ಲಿನ ಮೇಲೆ ಕೊರೆಸಿದ್ದಾರೆ. ಕಲ್ಲಿನಲ್ಲಿ ಬರೆಸಬೇಕಾಯಿತೆಂದರೆ ಬಾಯಿಮಾತು ಸಾಲದೆ ಹೋಗಿತ್ತು ಅಂತಲೇ ನನ್ನ ಎಣಿಕೆ.

ಲ್ಯಾಟಿನ್ ನಾಟಕಗಳಲ್ಲಿ ಪದ ಕಾಲುವೆ ಬಿಟ್ಟು ಮನೆಯೊಳಗೆ ಬಂತು. ಒಬ್ಬಳನ್ನೇ ಬಯಸುವ ಇಬ್ಬರು ಗಂಡಸರನ್ನು ಪ್ಲಾಟಸ್, ಟೆರೆನ್ಸ್ ಇಬ್ಬರೂ ಹೀಗೆ ಕರೆದಿದ್ದಾರೆ. ಹದಿನಾರನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದದ್ದು ಹೆಚ್ಚಾಗಿ ಈ ಅರ್ಥವೇ. ಆದರೂ ಹಳೆಯ ನೆರೆತನ ಪೂರ್ತಿ ಅಳಿಸಿರಲಿಲ್ಲ. ‘ಹ್ಯಾಮ್ಲೆಟ್’ನ ಮೊದಲ ದೃಶ್ಯದಲ್ಲಿ ಕಾವಲುಗಾರನೊಬ್ಬ ತನ್ನ ಜೊತೆಗೆ ಪಹರೆ ಕಾಯಲು ಬರುವವರನ್ನು ‘ರೈವಲ್ಸ್’ ಎನ್ನುತ್ತಾನೆ. ಅಲ್ಲಿ ಅದರ ಅರ್ಥ ಸಂಗಾತಿಗಳು. ಇಂದಿನ ಅರ್ಥ ಇಟ್ಟುಕೊಂಡು ಓದಿದವರು ಅಲ್ಲಿ ಎಡವುತ್ತಾರೆ.

ಎಡವುವ ಇನ್ನೊಂದು ಜಾಗವಿದೆ. ‘ರಿವರ್’ ಕೂಡ ಇದೇ ಬೇರಿನದು ಅನ್ನಿಸುತ್ತದೆ, ಆದರೆ ಅಲ್ಲ. ಅದು ದಡ ಎಂಬರ್ಥದ ‘ರೀಪಾ’ದಿಂದ ಬಂದದ್ದು. ಕಾವೇರಿ ವ್ಯಾಜ್ಯದ ಸುದ್ದಿಯಲ್ಲಿ ಕಿವಿಗೆ ಬೀಳುವ ‘ರೈಪೇರಿಯನ್’ ಆ ಮನೆತನದ್ದು. ದಡ ಮುಟ್ಟುವುದು ಎಂಬ ಮೂಲದ ‘ಅರೈವ್’ ಕೂಡ ಅಲ್ಲಿಯದೇ. ‘ರೈವಲ್’ಗೆ ನಿಜವಾದ ನಂಟು ‘ಡಿರೈವ್’: ಕಾಲುವೆಯಿಂದ ನೀರು ತಿರುಗಿಸಿಕೊಳ್ಳುವುದು.

ಕನ್ನಡದಲ್ಲೂ ಇದೇ ಜಾಡಿನ ಮಾತುಗಳಿವೆ. ಒಬ್ಬನೇ ಗಂಡನನ್ನು ಹಂಚಿಕೊಂಡವಳು ಸವತಿ. ಸಂಸ್ಕೃತದ ‘ಸಪತ್ನೀ’ ಸವೆದು ಆದ ರೂಪ. ನನಗೆ ಇನ್ನೂ ಹತ್ತಿರವೆನಿಸುವುದು ‘ದಾಯಾದಿ’. ದಾಯ ಎಂದರೆ ಪಿತ್ರಾರ್ಜಿತದ ಪಾಲು, ಅದನ್ನು ಪಡೆಯುವವನು ದಾಯಾದ. ಮೂಲದಲ್ಲಿ ಹಗೆತನದ ಸೊಲ್ಲೇ ಇಲ್ಲ. ಆದರೆ ಪಾಲು ಹಂಚುವ ದಿನ ಹಗ್ಗ ಹಿಡಿದು ಹೊಲ ಅಳೆಯುವಾಗ ಒಂದು ಗೇಣು ಆಚೀಚೆಯಾದರೂ ಅಣ್ಣತಮ್ಮಂದಿರ ಮಕ್ಕಳು ಮುಂದೆ ಮಾತು ಬಿಡುತ್ತಾರೆ. ಭಾರತ–ಪಾಕಿಸ್ತಾನ ಕ್ರಿಕೆಟ್ ಪಂದ್ಯದ ದಿನ ಇಂಗ್ಲಿಷ್ ಪತ್ರಿಕೆಗಳು ‘ರೈವಲ್ಸ್’ ಎಂದು ಬರೆದರೆ, ನಮ್ಮ ಕ್ರೀಡಾಪುಟಗಳು ‘ದಾಯಾದಿಗಳ ಕದನ’ ಎನ್ನುತ್ತವೆ. ಅನುವಾದ ಮಾಡಲು ಯಾರೂ ಕೂತಿರಲಿಲ್ಲ.