ಹಸುಗೂಸಿನ ಕಾಮಾಲೆ: ಎರಡು ವಾರ ದಾಟಿದರೆ ಕಾಯುವುದು ಬೇಡ



ಈ ವರದಿಯಲ್ಲಿ ಜಮಾ-ಖರ್ಚಿನ ವಿವರ ಮತ್ತು ವಿದ್ಯಾರ್ಥಿವೇತನದ ನಿಯಮಗಳ ಜೊತೆಗೆ ಆರೋಗ್ಯದ ಒಂದು ವಿಷಯವನ್ನೂ ಸೇರಿಸಿದ್ದೇವೆ. ಹುಟ್ಟಿನಿಂದಲೇ ಪಿತ್ತನಾಳದಲ್ಲಿ ದೋಷವಿರುವ ಮಕ್ಕಳ ವಿಷಯವಿದು. ಕಾಯಿಲೆ ಅಪರೂಪದ್ದು. ಆದರೆ ಮನೆಯವರು ಬೇಗ ಗುರುತಿಸಿದರೆ ಮಗು ಉಳಿಯುವ ಸಾಧ್ಯತೆ ಬಹಳ ಹೆಚ್ಚುತ್ತದೆ.

ಯಕೃತ್ತಿನಲ್ಲಿ ತಯಾರಾಗುವ ಪಿತ್ತರಸವು ಸಣ್ಣ ನಾಳಗಳ ಮೂಲಕ ಕರುಳಿಗೆ ಹರಿದು ಕೊಬ್ಬನ್ನು ಜೀರ್ಣಿಸಲು ನೆರವಾಗುತ್ತದೆ. ಮಲಕ್ಕೆ ಹಳದಿ ಬಣ್ಣ ಬರುವುದೂ ಅದರಿಂದಲೇ. ನಾಳ ಮುಚ್ಚಿದರೆ ಪಿತ್ತ ಯಕೃತ್ತಿನಲ್ಲೇ ನಿಲ್ಲುತ್ತದೆ. ಆಗ ಕಣ್ಣು, ಮೈ ಹಳದಿಯಾಗುತ್ತವೆ, ಮೂತ್ರ ಗಾಢವಾಗುತ್ತದೆ, ಮಲ ಮಾತ್ರ ಬಿಳಿಚಿಕೊಳ್ಳುತ್ತದೆ.

ಎರಡು ಮುಖ್ಯ ದೋಷಗಳು

ಮೊದಲನೆಯದು ಬೈಲಿಯರಿ ಅಟ್ರೇಸಿಯಾ. ಇದರಲ್ಲಿ ಪಿತ್ತನಾಳ ಮುಚ್ಚಿಹೋಗಿರುತ್ತದೆ. ಆರಂಭದಲ್ಲಿ ಮಗು ಚೆನ್ನಾಗಿ ಹಾಲು ಕುಡಿಯುತ್ತದೆ, ತೂಕವೂ ಏರುತ್ತದೆ. ಹೀಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಒಳಗೆ ಯಕೃತ್ತು ಗಟ್ಟಿಯಾಗುತ್ತಾ ಹೋಗುತ್ತದೆ. ವಿಟಮಿನ್ ಕೆ ಮೈಗೆ ಹತ್ತದೆ ರಕ್ತಸ್ರಾವವಾಗಬಹುದು, ಅದು ಮೆದುಳಿನಲ್ಲೂ ಆಗಬಹುದು. ಚಿಕಿತ್ಸೆಯಿಲ್ಲದಿದ್ದರೆ ಹೆಚ್ಚಿನ ಮಕ್ಕಳು ಎರಡು ವರ್ಷ ದಾಟುವುದಿಲ್ಲ.

ಎರಡನೆಯದು ಕೊಲೆಡೋಕಲ್ ಸಿಸ್ಟ್. ಇದರಲ್ಲಿ ನಾಳ ಬಲೂನಿನಂತೆ ಉಬ್ಬಿರುತ್ತದೆ. ಏಷ್ಯಾದ ದೇಶಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಶಾಲೆಗೆ ಹೋಗುವ ವಯಸ್ಸಿನಲ್ಲೂ ಕಾಣಿಸಿಕೊಳ್ಳಬಹುದು. ಪದೇ ಪದೇ ಹೊಟ್ಟೆನೋವು, ಬಂದು ಹೋಗುವ ಕಾಮಾಲೆ ಇದರ ಲಕ್ಷಣಗಳು. ಬಿಟ್ಟರೆ ಸೋಂಕು, ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ, ಮುಂದೆ ಕ್ಯಾನ್ಸರ್ ಕೂಡ ಬರಬಹುದು. ಸಾಮಾನ್ಯವಾಗಿ ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುತ್ತದೆ. ಉಬ್ಬಿದ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ.

ಅರವತ್ತು ದಿನಗಳ ಲೆಕ್ಕ

ಅಟ್ರೇಸಿಯಾಕ್ಕೆ ಜಪಾನಿನ ವೈದ್ಯ ಮೊರಿಯೊ ಕಸಾಯ್ 1950ರ ದಶಕದಲ್ಲಿ ಒಂದು ಶಸ್ತ್ರಚಿಕಿತ್ಸೆ ರೂಪಿಸಿದರು. ಹಾಳಾದ ನಾಳ ತೆಗೆದು, ಸಣ್ಣಕರುಳಿನ ತುಂಡನ್ನು ನೇರವಾಗಿ ಯಕೃತ್ತಿಗೆ ಜೋಡಿಸುತ್ತಾರೆ. ಮಗುವಿಗೆ 60 ದಿನ ತುಂಬುವ ಮೊದಲೇ ಮಾಡಿದರೆ ಫಲ ಹೆಚ್ಚು. ಆ ನಂತರವೂ ಹಲವರಿಗೆ ಮುಂದೆ ಯಕೃತ್ತಿನ ಕಸಿ ಬೇಕಾಗುತ್ತದೆ. 1998ರಲ್ಲಿ ದೆಹಲಿಯಲ್ಲಿ ನಡೆದ, ಭಾರತದ ಮೊದಲ ಯಶಸ್ವಿ ಮಕ್ಕಳ ಯಕೃತ್ತಿನ ಕಸಿಯೂ ಇದೇ ಕಾಯಿಲೆಯ ಮಗುವಿಗೆ. ತಂದೆಯೇ ಯಕೃತ್ತಿನ ಭಾಗ ಕೊಟ್ಟರು. ಆ ಹುಡುಗ ಬೆಳೆದು, ಓದಿ ವೈದ್ಯನಾದ.

ನಮ್ಮ ಮನೆಗಳಲ್ಲಿ ಬಾಣಂತಿ, ಮಗುವನ್ನು ನಲವತ್ತು ದಿನ ಹೊರಗೆ ಕಳಿಸುವುದಿಲ್ಲ. ಅರವತ್ತರಲ್ಲಿ ನಲವತ್ತು ಕಳೆದರೆ ಉಳಿಯುವುದು ಇಪ್ಪತ್ತೇ ದಿನ. ಪರೀಕ್ಷೆ, ಊರಿಂದ ಊರಿಗೆ ಓಡಾಟ, ಶಸ್ತ್ರಚಿಕಿತ್ಸೆ ಎಲ್ಲವೂ ಅಷ್ಟರಲ್ಲೇ ಆಗಬೇಕು. ಬಾಣಂತನದ ಆರೈಕೆ ಬೇಡವೆಂದು ನಾವು ಹೇಳುತ್ತಿಲ್ಲ. ಆಸ್ಪತ್ರೆಗೆ ಹೋಗುವುದಕ್ಕೆ ಅದು ಅಡ್ಡಿಯಾಗಬಾರದು, ಅಷ್ಟೆ.

ಮನೆಯವರು ಮಾಡಬೇಕಾದ್ದು

• ಮಲದ ಬಣ್ಣವನ್ನು ಹಗಲು ಬೆಳಕಿನಲ್ಲಿ ನೋಡಿ. ಸುಣ್ಣದಂತೆ ಬಿಳಿ, ಬೂದು ಅಥವಾ ತೀರಾ ತಿಳಿ ಬಣ್ಣವಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ತೈವಾನ್‌ನಲ್ಲಿ 2004ರಿಂದ ಮಲದ ಬಣ್ಣದ ಚಿತ್ರವಿರುವ ಕಾರ್ಡನ್ನು ದೇಶದಾದ್ಯಂತ ಪೋಷಕರಿಗೆ ಕೊಡುತ್ತಿದ್ದು, ಹೆಚ್ಚು ಮಕ್ಕಳಿಗೆ ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಸಿಗುತ್ತಿದೆ.
• ಹಸುಗೂಸಿನ ಮೂತ್ರ ಬಟ್ಟೆಗೆ ಹಳದಿ ಕಲೆ ಮಾಡುತ್ತಿದೆಯೇ ಗಮನಿಸಿ.
• ಎರಡು ವಾರ ದಾಟಿದರೂ ಕಾಮಾಲೆ ಇಳಿಯದಿದ್ದರೆ 'ಡೈರೆಕ್ಟ್ ಬಿಲಿರುಬಿನ್' ರಕ್ತಪರೀಕ್ಷೆ ಮಾಡಿಸಿ ಎಂದು ಕೇಳಿ. ಎದೆಹಾಲು ಕುಡಿಯುವ ಎಷ್ಟೋ ಮಕ್ಕಳಿಗೆ ಕಾಮಾಲೆ ಅಪಾಯವಿಲ್ಲದೆ ತಾನೇ ಇಳಿಯುತ್ತದೆ. ಯಾವುದು ಯಾವ ಬಗೆಯೆಂದು ಕಣ್ಣಳತೆಯಲ್ಲಿ ಹೇಳಲಾಗದು.
• ಎಳೆಬಿಸಿಲು, ಸೊಪ್ಪಿನ ರಸ, ತಾಯಿತ ಇವುಗಳಿಂದ ಮುಚ್ಚಿದ ನಾಳ ತೆರೆಯುವುದಿಲ್ಲ.

ದಾನಿಗಳಲ್ಲಿ ಒಂದು ವಿನಂತಿ. ದೊಡ್ಡ ಶಸ್ತ್ರಚಿಕಿತ್ಸೆಯ ಖರ್ಚು ಎಲ್ಲರ ಗಮನಕ್ಕೆ ಬರುತ್ತದೆ. ಅದಕ್ಕೂ ಮೊದಲಿನ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಬಸ್ ಚಾರ್ಜು, ತಪ್ಪಿಹೋಗುವ ದಿನಗೂಲಿ ಇವೇ ಬಡ ತಂದೆಯನ್ನು "ಮುಂದಿನ ವಾರ ನೋಡೋಣ" ಎನ್ನುವಂತೆ ಮಾಡುತ್ತವೆ. ವೈದ್ಯಕೀಯ ನೆರವಿಗೆ ಕೊಡುವವರು ಈ ಸಣ್ಣ ಖರ್ಚುಗಳನ್ನೂ ನೆನಪಿನಲ್ಲಿಡಬೇಕು.

ವಿದ್ಯಾರ್ಥಿಗಳೇ, ಈ ಪುಟವನ್ನು ಮನೆಯಲ್ಲಿ ಅಮ್ಮಿಗೆ, ನಾನಿಗೆ, ದಾದಿಗೆ ಓದಿ ಹೇಳಿ. ಪಕ್ಕದ ಮನೆಯಲ್ಲಿ ಹಸುಗೂಸಿದ್ದರೆ ಅಲ್ಲಿಗೂ ಮುಟ್ಟಿಸಿ.